ಗಾಳದ ದಾರದ ಕಥೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ವಾಸವಾಗಿರುವವರಿಗೆ ಹಗ್ಗದ ವಿಷಯವನ್ನು ಹೊಸದಾಗಿ ತಿಳಿಸಬೇಕಾದುದಿಲ್ಲ. ಕಿಬ್ಬನಹಳ್ಳಿಯಿಂದ ಯಾವ ದಿಕ್ಕಿಗೆ ಹೊರಟರೂ ತೆಂಗಿನ ತೋಟ. ತೋಟವಿದ್ದಲ್ಲಿ ನಾರು, ನಾರಿದ್ದಲ್ಲಿ ಹುರಿ. ಆದರೂ ಓದುಗರಲ್ಲಿ ಒಂದು ಪ್ರಶ್ನೆ ಕೇಳುತ್ತೇನೆ. ಹೆಚ್ಚು ಭಾರ ತಡೆಯುವ ಹಗ್ಗವೇ ಯಾವಾಗಲೂ ಒಳ್ಳೆಯ ಹಗ್ಗವೆ? ಅಲ್ಲವೆಂದು ಹಾಯಿಹಡಗಿನ ಕಾಲದ ನಾವಿಕರು ಹೇಳುತ್ತಿದ್ದರು. ತೆಂಗಿನ ನಾರಿನ ಹಗ್ಗಕ್ಕೆ ಸೆಣಬಿನ ಹಗ್ಗದಷ್ಟು ಬಲವಿಲ್ಲ. ಆದರೆ ಅದು ಜಗ್ಗಿದಷ್ಟೂ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಬಿರುಗಾಳಿಯಲ್ಲಿ ಅಲೆಯೊಂದು ಹಡಗನ್ನು ಎತ್ತಿ ಎಳೆದಾಗ, ಹಿಗ್ಗಲು ಒಪ್ಪದ ಹಗ್ಗ ಫಟ್ಟನೆ ಹರಿಯುತ್ತಿತ್ತು. ನಾರಿನ ಹಗ್ಗ ಆ ಪೆಟ್ಟನ್ನು ನುಂಗಿಕೊಳ್ಳುತ್ತಿತ್ತು. ಈ ಕಾರಣದಿಂದಲೇ ಲಂಗರಿಗೆ ಅದನ್ನು ಬಯಸಿ ಕೊಳ್ಳುತ್ತಿದ್ದರು.

ಇದೇ ತತ್ತ್ವವನ್ನು ಹಿಡಿದು ಇಂದು ಇನ್ನೂ ಸಣ್ಣದೊಂದು ದಾರದ ಕಥೆಯನ್ನು ಹೇಳಬೇಕೆಂದಿದ್ದೇನೆ. ಅದು ಗಾಳದ ದಾರ. ಕೆರೆಯ ಏರಿಯ ಮೇಲೆ ಕುಳಿತು ಬಿದಿರುಕೋಲಿನಿಂದ ಸಣ್ಣ ಮೀನು ಹಿಡಿಯುವ ಹುಡುಗರನ್ನು ನೀವೆಲ್ಲ ಕಂಡಿದ್ದೀರಿ. ಅಲ್ಲಿ ದಾರ ಹರಿಯುವ ಚಿಂತೆ ಅಷ್ಟಾಗಿ ಇಲ್ಲ. ಆದರೆ ಮನುಷ್ಯನ ತೂಕಕ್ಕೆ ಸಮೀಪವಾದ ಮೀನೊಂದು ಹೊಳೆಯ ಸೆಳವಿನಲ್ಲಿ ಗಾಳ ಕಚ್ಚಿದರೆ ಗತಿಯೇನು? ಅಷ್ಟು ದೊಡ್ಡ ಮೀನನ್ನು ಅಷ್ಟು ತೆಳುವಾದ ದಾರ ದಡಕ್ಕೆ ತಂದುದು ಹೇಗೆ? ಈ ಪ್ರಶ್ನೆಗೆ ನಮ್ಮ ಕನ್ನಡ ನಾಡಿನಲ್ಲೇ ಉತ್ತರವುಂಟು. ಆ ಉತ್ತರಕ್ಕೆ ಎಂಟುನೂರು ವರ್ಷಗಳಿಗೂ ಮಿಕ್ಕ ಇತಿಹಾಸವುಂಟು.

ಸಂಸ್ಕೃತದಲ್ಲಿ ಗಾಳಕ್ಕೆ ‘ಬಡಿಶ’ ಎಂದು ಹೆಸರು. ದಾರಕ್ಕೆ ಇರುವ ಹೆಸರುಗಳಲ್ಲಿ ‘ಗುಣ’ ಎಂಬುದೂ ಒಂದು. ಬಿಲ್ಲಿನ ಹೆದೆಗೂ ಅದೇ ಮಾತು, ಸ್ವಭಾವಕ್ಕೂ ಅದೇ ಮಾತು. ದಾರದ ಗುಣವನ್ನು ಅರಿತವನಿಗೇ ಗಾಳ ಒಲಿಯುತ್ತದೆ ಎಂದು ನಾವು ಅರ್ಥಮಾಡಿಕೊಂಡರೆ ತಪ್ಪಾಗಲಾರದು.

ಕಲ್ಯಾಣದ ಚಾಲುಕ್ಯರಲ್ಲಿ ಆರನೆಯ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಆಳಿದನು. ಅವನ ರಾಜಧಾನಿ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಭೂಲೋಕಮಲ್ಲ, ಸರ್ವಜ್ಞ ಚಕ್ರವರ್ತಿ ಎಂಬ ಬಿರುದುಗಳನ್ನು ಹೊತ್ತ ಈ ಅರಸನು ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಐದು ವಿಂಶತಿಗಳು, ಒಟ್ಟು ನೂರು ಅಧ್ಯಾಯಗಳು. ರಾಜನೀತಿಯಿಂದ ಅಡುಗೆಯವರೆಗೆ ಅದರಲ್ಲಿ ಇಲ್ಲದ ವಿಷಯವೇ ವಿರಳ. ಅದರ ನಾಲ್ಕನೆಯ ವಿಂಶತಿಯಲ್ಲಿ ‘ಮತ್ಸ್ಯವಿನೋದ’ವೆಂಬ ಅಧ್ಯಾಯವಿದೆ. ಸುಮಾರು ಮೂವತ್ತೈದು ಬಗೆಯ ಮೀನುಗಳು, ಅವುಗಳಿಗೆ ಹಾಕುವ ಆಹಾರ, ಗಾಳದಿಂದ ಹಿಡಿಯುವ ವಿನೋದ, ಇವೆಲ್ಲವೂ ಅಲ್ಲಿ ಬರುತ್ತವೆ. ಮತ್ಸ್ಯಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಅಧ್ಯಾಯವನ್ನು ಕುರಿತು ದೀರ್ಘವಾದ ಲೇಖನ ಬರೆದು ವಿದ್ವಾಂಸರ ಗಮನವನ್ನು ಸೆಳೆದರು. ಇಂಗ್ಲೆಂಡಿನಲ್ಲಿ ಐಸಾಕ್ ವಾಲ್ಟನ್ನನ ಹೆಸರಾಂತ ಗಾಳದ ಪುಸ್ತಕ ಹೊರಬಂದುದು 1653ರಲ್ಲಿ. ಅದಕ್ಕೆ ಐದು ಶತಮಾನಗಳ ಹಿಂದೆಯೇ ಕನ್ನಡ ನಾಡಿನ ದೊರೆಯೊಬ್ಬನು ಗಾಳವನ್ನು ಶಾಸ್ತ್ರಕ್ಕೆ ಏರಿಸಿದ್ದನು.

ಇನ್ನು ಕಲ್ಯಾಣವನ್ನು ಬಿಟ್ಟು ಕಾವೇರಿಗೆ ಬರೋಣ. ತುರುವೇಕೆರೆಯ ಕಡೆಯ ಮಳೆನೀರು ಶಿಂಷೆಯನ್ನು ಸೇರಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನು ದಾಟಿ, ಮದ್ದೂರಿನ ಮೇಲೆ ಹಾದು, ಶಿವನಸಮುದ್ರದ ಕೆಳಗೆ ಕಾವೇರಿಯಲ್ಲಿ ಲೀನವಾಗುತ್ತದೆ. ಅಲ್ಲಿಂದ ಮುಂದೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆ ಎಂಬ ಸ್ಥಳಗಳು. ಬಂಡೆಗಳ ನಡುವೆ ನುಗ್ಗುವ ನೀರು, ನಡುನಡುವೆ ಆಳವಾದ ಮಡುಗಳು. ಈ ಮಡುಗಳ ಒಡೆಯನೇ ಬಿಳಿಮೀನು. ಲೋಕಕ್ಕೆ ಅದು ಮಹಶೀರ್ ಎಂದು ಪರಿಚಿತ. ಇಲ್ಲಿಯ ಜಾತಿಗೆ ಬೆನ್ನಿನ ಮೇಲೆ ಗೂನಿನಂಥ ಉಬ್ಬು ಇರುವುದರಿಂದ ಗೂನುಬೆನ್ನಿನ ಮಹಶೀರ್ ಎನ್ನುತ್ತಾರೆ. ಇದರ ದವಡೆಯಲ್ಲಿ ಹಲ್ಲಿಲ್ಲ, ಹಲ್ಲುಗಳಿರುವುದು ಗಂಟಲಲ್ಲಿ.

1873ರಲ್ಲಿ ಮಂಗಳೂರಿನಲ್ಲಿ ಒಂದು ಇಂಗ್ಲಿಷ್ ಪುಸ್ತಕ ಅಚ್ಚಾಯಿತು. ಹೆಸರು ‘ದಿ ರಾಡ್ ಇನ್ ಇಂಡಿಯಾ’. ಬರೆದವನು ದಕ್ಷಿಣ ಕನ್ನಡದಲ್ಲಿ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್. ತನ್ನ ದೇಶದ ಸಾಲ್ಮನ್ ಮೀನಿಗಿಂತ ಮಹಶೀರಿನ ಮೊದಲ ಓಟ ಭಯಂಕರವೆಂದು ಅವನ ಅನುಭವ. ಸಾಲ್ಮನ್ ತನ್ನ ಶಕ್ತಿಯನ್ನು ಹಂಚಿಕೊಂಡು ಹೋರಾಡಿದರೆ, ಮಹಶೀರು ಇದ್ದಬದ್ದ ಬಲವನ್ನೆಲ್ಲ ಮೊದಲ ಓಟಕ್ಕೇ ಸುರಿಯುತ್ತದೆ. ಆ ಕ್ಷಣದಲ್ಲಿ ತಡೆಯಹೋದವನ ಕೈಯಲ್ಲಿ ಉಳಿಯುವುದು ತುಂಡು ದಾರ.

ಈ ಮೀನಿನ ಗಾತ್ರವನ್ನು ಊಹಿಸಿಕೊಳ್ಳಿರಿ. 1919ರ ಡಿಸೆಂಬರಿನಲ್ಲಿ ಕರ್ನಲ್ ರಿವೆಟ್-ಕಾರ್ನಾಕ್ ಕಾವೇರಿಯಲ್ಲಿ ಹಿಡಿದುದು 119 ಪೌಂಡು. 1946ರ ಮಾರ್ಚಿಯಲ್ಲಿ ಮೈಸೂರಿನ ಡಿ ವೆಟ್ ವಾನ್ ಇಂಗೆನ್ ಕಬಿನಿಯಲ್ಲಿ ಹಿಡಿದುದು 120 ಪೌಂಡು, ಎಂದರೆ 54 ಕಿಲೋಗ್ರಾಮಿಗೂ ಸ್ವಲ್ಪ ಹೆಚ್ಚು. ಒಂದು ಮೂಟೆ ಅಕ್ಕಿಗಿಂತ ಭಾರ! ವನ್ಯಮೃಗಗಳ ಚರ್ಮ ತುಂಬಿ ಜೀವಂತವೆಂಬಂತೆ ನಿಲ್ಲಿಸುವ ಕೆಲಸದಲ್ಲಿ ಹೆಸರಾದ ಮೈಸೂರಿನ ವಾನ್ ಇಂಗೆನ್ ಮನೆತನದವರು ಅವರು.

ಈಗ ದಾರದ ಸಂಗತಿ. ಹಿಂದೆ ಯೂರೋಪಿನಲ್ಲಿ ಕುದುರೆಯ ಬಾಲದ ಕೂದಲನ್ನು ಹೆಣೆದು ಗಾಳದ ದಾರ ಮಾಡುತ್ತಿದ್ದರು. ಆಮೇಲೆ ರೇಷ್ಮೆ ಬಂದಿತು. ರೇಷ್ಮೆಯ ದಾರ ಗಟ್ಟಿ. ಆದರೆ ನೆನೆದದ್ದನ್ನು ದಿನವೂ ಬಿಚ್ಚಿ ಒಣಗಿಸದಿದ್ದರೆ ಕೊಳೆತುಹೋಗುವುದು. ಗಾಳದ ಹತ್ತಿರದ ತುದಿಗೆ ಮೀನಿನ ಕಣ್ಣಿಗೆ ಬೀಳದ ಇನ್ನೊಂದು ಎಳೆ ಬೇಕಲ್ಲವೆ? ಅದನ್ನೂ ರೇಷ್ಮೆಹುಳುವಿನಿಂದಲೇ ತೆಗೆಯುತ್ತಿದ್ದರು. ಗೂಡು ಕಟ್ಟುವ ಹೊತ್ತಿಗೆ ಹುಳುವನ್ನು ಹುಳಿನೀರಿನಲ್ಲಿ ನೆನೆಸಿ, ಒಡಲಿನ ರೇಷ್ಮೆಗ್ರಂಥಿಯನ್ನು ಹೊರತೆಗೆದು ಎಳೆದರೆ ಪಾರದರ್ಶಕವಾದ ತಂತು ದೊರೆಯುತ್ತಿತ್ತು. ಸ್ಪೇನ್ ದೇಶದ ಮುರ್ಸಿಯಾ ಈ ಕೆಲಸಕ್ಕೆ ಪ್ರಸಿದ್ಧ. ಒಂದೊಂದು ತಂತು ಒಂದೆರಡು ಅಡಿ ಮಾತ್ರ ಉದ್ದ. ಆದುದರಿಂದ ಒಂದಕ್ಕೊಂದು ಗಂಟು ಹಾಕಲೇಬೇಕು. ಗಂಟು ಹೆಚ್ಚಿದಷ್ಟೂ ಹರಿಯುವ ಜಾಗ ಹೆಚ್ಚು.

ಅಮೆರಿಕದ ರಸಾಯನಶಾಸ್ತ್ರಜ್ಞ ವ್ಯಾಲೇಸ್ ಕರೋಥರ್ಸ್ ಮತ್ತು ಅವರ ಸಂಗಡಿಗರು 1935ರಲ್ಲಿ ನೈಲಾನನ್ನು ತಯಾರಿಸಿದ ಮೇಲೆ ಈ ತೊಡಕು ನೀಗಿತು. ಗಂಟಿಲ್ಲದ, ಕೊಳೆಯದ, ಬೇಕಾದಷ್ಟು ಉದ್ದದ ಎಳೆ. ಜೊತೆಗೆ ನಮ್ಮ ತೆಂಗಿನ ನಾರಿನಂತೆ ಹಿಗ್ಗುವ ಸ್ವಭಾವ. ಆದರೆ ನೈಲಾನಿಗೂ ದೋಷಗಳುಂಟು. ಬಿಸಿಲು ಅದನ್ನು ತಿನ್ನುತ್ತದೆ. ಬಂಡೆಗೆ ಉಜ್ಜಿದರೆ ಕಚ್ಚು ಬೀಳುತ್ತದೆ. ಸಾಮಾನ್ಯ ಗಂಟು ಹಾಕಿದರೆ ಬಲ ಅರ್ಧದ ಸಮೀಪಕ್ಕೆ ಇಳಿಯುತ್ತದೆ. ಒಣಗಿದ ದಾರದಲ್ಲಿ ಗಂಟನ್ನು ಬಿಗಿದರೆ ಉಜ್ಜಿದ ಕಾವಿಗೇ ಎಳೆ ಕೆಡುವುದರಿಂದ, ಬಲ್ಲವರು ಅದನ್ನು ಒದ್ದೆಮಾಡಿ ಮೆಲ್ಲಗೆ ಬಿಗಿಯುತ್ತಾರೆ. ಪ್ರತಿ ಮೀನಿನ ತರುವಾಯ ದಾರದ ತುದಿಯನ್ನು ಬೆರಳಿನಿಂದ ಸವರಿ ನೋಡಿ, ತರಿ ಕಂಡ ಭಾಗವನ್ನು ಕತ್ತರಿಸಿ ಹೊಸ ಗಂಟು ಹಾಕುತ್ತಾರೆ.

ಇಷ್ಟಾದರೂ ಒಂದು ಸಂದೇಹ ಉಳಿಯುತ್ತದೆ. ಹತ್ತು ಹದಿನೈದು ಕಿಲೋ ಭಾರಕ್ಕೆ ಹರಿಯುವ ದಾರ ಐವತ್ತು ಕಿಲೋ ಮೀನನ್ನು ತರುವುದು ಹೇಗೆ? ಬಾವಿಯಲ್ಲಿ ಕೊಡ ಸೇದುವಾಗ ನೀವೇ ಗಮನಿಸಿರಬಹುದು. ನೀರೊಳಗಿರುವವರೆಗೆ ಕೊಡ ಹಗುರ, ಮೇಲೆದ್ದೊಡನೆ ಭಾರ. ಮೀನೂ ಹಾಗೆಯೇ. ಒಡಲೊಳಗೆ ಗಾಳಿಯ ಚೀಲವಿರುವುದರಿಂದ ನೀರಿನಲ್ಲಿ ಅದಕ್ಕೆ ಭಾರವೇ ಇಲ್ಲವೆನ್ನಬಹುದು. ದಾರ ಹೊರಬೇಕಾದುದು ಮೀನಿನ ತೂಕವನ್ನಲ್ಲ, ಅದರ ಓಟವನ್ನೂ ಹೊಳೆಯ ಸೆಳವನ್ನೂ. ಆದುದರಿಂದ ದಾರ ಹಿಡಿದು ಮೀನನ್ನು ನೀರಿನಿಂದ ಮೇಲೆತ್ತುವುದು ಮೊದಲ ತಪ್ಪು. ದಡಕ್ಕೆ ತಂದ ಮೇಲೆ ಬಲೆಯೋ ಕೈಯೋ ಬೇಕು.

ಓಟಕ್ಕೆ ಉಪಾಯ ಮೂರು. ಮೊದಲನೆಯದು ಕೋಲು. ಕೋಲನ್ನು ಎತ್ತಿ ಹಿಡಿದರೆ ಅದು ಬಿಲ್ಲಿನಂತೆ ಬಾಗಿ ಮೀನಿನ ಜಗ್ಗುಗಳನ್ನು ತಾನು ತಿನ್ನುತ್ತದೆ; ಮೀನಿನ ಕಡೆಗೆ ನೇರವಾಗಿ ಚಾಚಿದರೆ ಪೆಟ್ಟೆಲ್ಲ ದಾರಕ್ಕೇ. ಎರಡನೆಯದು ದಾರ ಸುತ್ತಿದ ರಾಟೆ, ಈಗ ರೀಲು ಎನ್ನುವುದು. ಅದರ ತಡೆಯನ್ನು ದಾರ ಹರಿಯುವ ಭಾರದ ನಾಲ್ಕನೆಯ ಒಂದು ಭಾಗಕ್ಕೋ ಮೂರನೆಯ ಒಂದು ಭಾಗಕ್ಕೋ ಇಡುತ್ತಾರೆ. ಅದಕ್ಕೆ ಮೀರಿ ಮೀನು ಎಳೆದರೆ ದಾರ ತಾನಾಗಿ ಬಿಚ್ಚಿಕೊಳ್ಳುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ದಾರ ಬಿಚ್ಚುತ್ತ ಬಿಚ್ಚುತ್ತ ರಾಟೆಯ ಸುತ್ತು ಸಣ್ಣದಾಗುತ್ತದೆ. ಸುತ್ತು ಅರ್ಧಕ್ಕೆ ಇಳಿದರೆ ತಡೆ ಇಮ್ಮಡಿಯಾಗುತ್ತದೆ. ಅದನ್ನರಿಯದೆ, ಮೀನು ದೂರ ಹೋಯಿತೆಂಬ ಗಾಬರಿಯಲ್ಲಿ ತಡೆಯನ್ನು ಇನ್ನೂ ಬಿಗಿದವನು ಕೆಟ್ಟ. ಬಿಗಿಯುವ ಬದಲು ಸಡಿಲಿಸಬೇಕಾದ ಹೊತ್ತು ಅದು.

ಮೂರನೆಯದು ಕೈ. ಓಡುವಾಗ ಬಿಡು, ನಿಂತಾಗ ಸುತ್ತು. ಹೇಳಲು ಇಷ್ಟೇ, ಸಾಧಿಸಲು ವರ್ಷಗಳು ಬೇಕು. ದಾರಗಳು ಹರಿಯುವುದು ಹೆಚ್ಚಾಗಿ ಕೊನೆಯಲ್ಲಿ. ಮೀನು ದಡಕ್ಕೆ ಬಂದಾಗ ನೀರಿನಲ್ಲಿರುವ ದಾರ ಗಿಡ್ಡ. ಗಿಡ್ಡ ದಾರಕ್ಕೆ ಹಿಗ್ಗಲು ಎಡೆಯಿಲ್ಲ. ಮನುಷ್ಯನನ್ನು ಕಂಡ ಮೀನು ಕೊನೆಯ ಬಾರಿ ಒದೆಯುತ್ತದೆ. ಗೆದ್ದೆನೆಂದು ಬಿಗಿಹಿಡಿದವನು ಅಲ್ಲಿ ಸೋಲುತ್ತಾನೆ. ತಾಳಿದವನು ಬಾಳಿಯಾನು ಎಂಬ ಗಾದೆ ಇಲ್ಲಿಯೂ ಸಲ್ಲುತ್ತದೆ.

ಕಾವೇರಿಯ ಬೆಸ್ತರು ಇದಕ್ಕೆ ತಮ್ಮದೇ ವಿದ್ಯೆಯನ್ನು ಕೂಡಿಸಿದರು. ಎರೆಗೆ ರಾಗಿಹಿಟ್ಟಿನ ಮುದ್ದೆ. ಮೀನು ಓಡಿ ಬಂಡೆಯ ಹಿಂದೆ ಸೇರಿಕೊಂಡು ದಾರ ಕಲ್ಲಿಗೆ ಸಿಕ್ಕಿದರೆ ಎಳೆಯುತ್ತಿರಲಿಲ್ಲ. ಹರಿಗೋಲು ಹತ್ತಿ ಮೀನಿನ ಹಿಂದೆಯೇ ಸಾಗಿ, ಬಂಡೆಯನ್ನು ಬಳಸಿ, ದಾರವನ್ನು ಬಿಡಿಸುತ್ತಿದ್ದರು. ಪರದೇಶದ ಕೋಲು, ಪರದೇಶದ ರಾಟೆ ಹಿಡಿದು ಬಂದವರ ಹೆಸರುಗಳು ದಾಖಲೆಗಳಲ್ಲಿ ಉಳಿದವು. ಮಡುವಿನ ಆಳವನ್ನೂ ಕಲ್ಲಿನ ಅಂಚನ್ನೂ ಬಲ್ಲ ಹರಿಗೋಲಿನವರ ಹೆಸರುಗಳು ಬಹುಮಟ್ಟಿಗೆ ಉಳಿಯಲಿಲ್ಲ. ಇತಿಹಾಸ ಓದುವವರು ಇದನ್ನು ಮರೆಯಬಾರದು.

ದೊಡ್ಡ ಮೀನು ದಡ ಸೇರಿತೆಂದರೆ ಒಂದು ಕಾಲಕ್ಕೆ ಕಥೆ ಮುಗಿಯಿತು. ಮುಂದೆ ಕಾಲ ಬದಲಾಯಿತು. ಹಿಡಿದ ಮೀನನ್ನು ತೂಗಿ ಮತ್ತೆ ನೀರಿಗೆ ಬಿಡುವ ಕ್ರಮ ಬಂದಿತು. ಆಗ ದಾರ ಹರಿಯಬಾರದೆಂಬ ನಿಯಮಕ್ಕೆ ಹೊಸ ಅರ್ಥ ಕೂಡಿತು. ಹರಿದರೆ ನಷ್ಟ ಹಿಡಿಯುವವನಿಗಷ್ಟೇ ಅಲ್ಲ. ಬಾಯಲ್ಲಿ ಗಾಳವನ್ನೂ ಹಿಂದೆ ಹತ್ತಾರು ಮಾರು ದಾರವನ್ನೂ ಎಳೆದುಕೊಂಡು ಹೋದ ಮೀನು ಕಲ್ಲಿಗೆ ಸಿಕ್ಕಿ ಸಾಯಬಹುದು. ರೇಷ್ಮೆಯಾದರೆ ಕೊಳೆಯುತ್ತಿತ್ತು, ನೈಲಾನ್ ಎಷ್ಟೋ ವರ್ಷ ಹೊಳೆಯಲ್ಲಿ ಉಳಿದು ನೀರುನಾಯಿಗೂ ಹಕ್ಕಿಗೂ ಉರುಲಾಗುತ್ತದೆ. ಹಾಗೆಂದು ತೀರ ತೆಳುವಾದ ದಾರದಲ್ಲಿ ಗಂಟೆಗಟ್ಟಲೆ ಆಡಿಸಿದರೆ, ಬಿಟ್ಟ ಮೇಲೂ ಮೀನು ಬಳಲಿಕೆಯಿಂದ ಬದುಕದಿರಬಹುದು. ತಕ್ಕಷ್ಟು ಬಲದ ದಾರ, ತಕ್ಕಷ್ಟು ಸಡಿಲ, ಬೇಗನೆ ಬಿಡುಗಡೆ: ಇದು ಹೊಸ ಧರ್ಮ.

ಹೀಗೆ ಹಿಡಿದು ಬಿಟ್ಟವರು ಬರೆದಿಟ್ಟ ಲೆಕ್ಕವೇ ಮುಂದೆ ದೊಡ್ಡ ಸಾಕ್ಷ್ಯವಾಯಿತು. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ 23,620 ಗಂಟೆಗಳ ಗಾಳದಲ್ಲಿ 6,161 ಮಹಶೀರುಗಳು ಸಿಕ್ಕಿ ಬಿಡುಗಡೆಯಾದುವು. ವಿಜ್ಞಾನಿಗಳು ಆ ಲೆಕ್ಕವನ್ನು ಪರಿಶೀಲಿಸಿದಾಗ ಕಂಡುದೇನು? ಹೊರಗಿನಿಂದ ತಂದು ಬಿಟ್ಟ ನೀಲಿರೆಕ್ಕೆಯ ಮಹಶೀರು ಹೆಚ್ಚುತ್ತಿತ್ತು. ಕಾವೇರಿಯ ಸ್ವಂತ ಗೂನುಬೆನ್ನಿನ ಮೀನು ಕಡಿಮೆಯಾಗುತ್ತಿತ್ತು. ಸಿಕ್ಕ ಗೂನುಬೆನ್ನಿನ ಮೀನುಗಳ ಸರಾಸರಿ ಗಾತ್ರ ಮಾತ್ರ ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಿತ್ತು. ಅದು ಸಂತೋಷದ ಸುದ್ದಿಯಲ್ಲ. ಮುದುಕರು ಉಳಿದಿದ್ದಾರೆ, ಮಕ್ಕಳು ಹುಟ್ಟುತ್ತಿಲ್ಲ ಎಂಬುದು ಅದರ ಅರ್ಥ. ಅಣೆಕಟ್ಟುಗಳು, ಮರಳು ತೆಗೆಯುವುದು, ಸಿಡಿಮದ್ದು ಹಾಕಿ ಮೀನು ಕೊಲ್ಲುವುದು ಇವೆಲ್ಲವೂ ಹೊಳೆಯನ್ನು ಕೆಡಿಸಿದ್ದವು. ವನ್ಯಜೀವಿಧಾಮದೊಳಗೆ ಗಾಳ ಹಾಕುವುದು ನಿಂತ ಮೇಲೆ ಆ ಲೆಕ್ಕವೂ ಅಲ್ಲಿಗೇ ನಿಂತಿತು.

ಇನ್ನೂ ಒಂದು ಸೋಜಿಗವಿದೆ. ನೂರಕ್ಕೂ ಹೆಚ್ಚು ವರ್ಷಗಳಿಂದ ಜಗತ್ಪ್ರಸಿದ್ಧವಾದ ಈ ಮೀನಿಗೆ ಶಾಸ್ತ್ರೀಯವಾದ ಹೆಸರು ಯಾವುದೆಂದು ನಿಶ್ಚಯವಾದುದೇ 2018ರಲ್ಲಿ: ‘ಟಾರ್ ರೆಮಾದೇವಿಯೈ’. ಅದೇ ವರ್ಷ ಅದು ಅಳಿವಿನ ತೀರ ಸಮೀಪದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೂ ಸೇರಿತು. ಹೆಸರು ನಿಶ್ಚಯವಾದ ವರ್ಷವೇ ಜೀವ ಹೋಗುವ ಎಚ್ಚರಿಕೆ!

ಶೃಂಗೇರಿಯ ತುಂಗೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ, ಶಿಶಿಲದ ಕಪಿಲೆಯಲ್ಲಿ ಮಹಶೀರಿನ ಕುಲದವರನ್ನು ದೇವರ ಮೀನೆಂದು ನಮ್ಮ ಹಿರಿಯರು ಕಾಪಾಡಿದರು. ಅಲ್ಲಿ ಗಾಳವೇ ಇಲ್ಲ. ಆದರೂ 1996ರಲ್ಲಿ ಶಿಶಿಲದ ಹೊಳೆಗೆ ದುಷ್ಟರು ವಿಷ ಹಾಕಿ ಮೀನುಗಳನ್ನು ರಾಶಿರಾಶಿಯಾಗಿ ಕೊಂದರು. ಅವುಗಳಿಗಾಗಿ ಊರಿನಲ್ಲಿ ಸ್ಮಾರಕವೊಂದನ್ನು ನಿಲ್ಲಿಸಿದ್ದಾರೆ. ದೇವರ ಹೆಸರೊಂದೇ ಸಾಲದು, ಕಾಯುವ ಕಣ್ಣೂ ಬೇಕು.

ಓದುಗರೆ, ಸೋಮೇಶ್ವರನ ವಿನೋದದಿಂದ ಗಾಳಿಬೋರೆಯ ಲೆಕ್ಕದವರೆಗೆ ಈ ದಾರ ಒಂದೇ. ಶತಮಾನಗಳ ಕಾಲ ಮನುಷ್ಯನು ಅದನ್ನು ಗಟ್ಟಿಮಾಡುತ್ತ ಬಂದನು. ಆದರೆ ಮೀನನ್ನು ದಡಕ್ಕೆ ತಂದುದು ದಾರದ ಗಟ್ಟಿತನಕ್ಕಿಂತ ಹೆಚ್ಚಾಗಿ ಬಿಡಬೇಕಾದಾಗ ಬಿಡುವ ಕೈ. ಹೊಳೆಯ ವಿಷಯದಲ್ಲಿ ಮಾತ್ರ ನಾವು ಬಿಡುವುದನ್ನು ಕಲಿಯದೆ ಎಳೆಯುತ್ತಲೇ ಇದ್ದೇವೆ. ಮುಂದಿನ ಮಳೆಗಾಲದಲ್ಲಿ ನಿಮ್ಮೂರ ಕೆರೆ ಕೋಡಿ ಬಿದ್ದು ನೀರು ಹಳ್ಳಕ್ಕೆ ಇಳಿಯುವಾಗ ಮಕ್ಕಳಿಗೆ ತೋರಿಸಿರಿ. ಶಿಂಷೆಯ ಪಾಲಿಗೆ ಸೇರಿದ ಹಳ್ಳವಾದರೆ, ಆ ನೀರು ಹೋಗುವುದು ಗೂನುಬೆನ್ನಿನ ಮೀನಿನ ಮನೆಗೆ ಎಂದು ಹೇಳಿರಿ. ಅದರಲ್ಲಿ ವಿಷವೂ ಕಸವೂ ಸೇರದಂತೆ ನೋಡಿಕೊಳ್ಳುವುದು ತೆಂಗಿನ ಸೀಮೆಯವರಾದ ನಮ್ಮ ಪಾಲಿನ ಕೆಲಸ.