ಹಬ್ಬಕ್ಕೆ ಮುಂಬಾಗಿಲಿಗೆ ಪಾಲಿಶ್: ವೇಸ್ಟ್ ಆಯಿಲ್ ಬಳಿದರೆ ಮರ ಉಳಿಯುತ್ತದೆಯೇ?

ಶ್ರಾವಣ ಹತ್ತಿರ ಬಂತೆಂದರೆ ಬನಶಂಕರಿ, ಪದ್ಮನಾಭನಗರ, ಜಯನಗರದ ಹಳೆಯ ಮನೆಗಳ ಮುಂದೆ ಒಂದು ದೃಶ್ಯ ಸಾಮಾನ್ಯ. ಮೆಟ್ಟಿಲ ಮೇಲೆ ಹಳೆಯ ಪೇಪರ್ ಹಾಸಿರುತ್ತದೆ. ಯಾರೋ ಒಬ್ಬರು ಮುಂಬಾಗಿಲಿಗೆ ಸ್ಯಾಂಡ್ ಪೇಪರ್ ಉಜ್ಜುತ್ತಿರುತ್ತಾರೆ. ವರಮಹಾಲಕ್ಷ್ಮಿ, ಗೌರಿ-ಗಣೇಶ ಹಬ್ಬಕ್ಕೆ ನೆಂಟರು ಬರುವ ಹೊತ್ತಿಗೆ ಬಾಗಿಲು ಮಿಂಚಬೇಕು. ಇದೇ ಹೊತ್ತಿಗೆ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಸಲಹೆಗಳೂ ಓಡಾಡತೊಡಗುತ್ತವೆ. ಗ್ಯಾರೇಜ್‌ನಿಂದ ವೇಸ್ಟ್ ಆಯಿಲ್ ತಂದು ಬಳಿದರೆ ಗೆದ್ದಲು ಬರುವುದಿಲ್ಲ, ಕೊಬ್ಬರಿ ಎಣ್ಣೆ ಸವರಿದರೆ ಮರಕ್ಕೆ ಜೀವ ಬರುತ್ತದೆ, ತೇಗದ ಬಾಗಿಲಾದರೆ ಏನೂ ಬೇಡ, ವಾರ್ನಿಷ್ ಮೇಲೆ ಇನ್ನೊಂದು ಕೋಟ್ ವಾರ್ನಿಷ್ ಸಾಕು ಎಂಬ ಮಾತುಗಳಿವು.

ಇವುಗಳಲ್ಲಿ ಎಷ್ಟು ನಿಜ? ನಾವು ಒಂದೊಂದಾಗಿ ನೋಡೋಣ.

ಚುಟುಕಾಗಿ ಹೇಳುವುದಾದರೆ

- ವೇಸ್ಟ್ ಆಯಿಲ್ ಬಳಿಯಬೇಡಿ. ಅದು ಆರೋಗ್ಯಕ್ಕೆ ಕೆಟ್ಟದ್ದು, ಮರಕ್ಕೂ ಒಳ್ಳೆಯದಲ್ಲ.
- ಅಡುಗೆ ಎಣ್ಣೆ ಮರದ ಮೇಲೆ ಒಣಗುವುದಿಲ್ಲ, ಅಂಟಂಟಾಗಿ ಉಳಿಯುತ್ತದೆ.
- ಹೊರಗಿನ ಮರ ಬಾಳುವುದು ಬಣ್ಣದ ಡಬ್ಬಿಯ ಬೆಲೆಯಿಂದಲ್ಲ. ಬಣ್ಣ ಹಚ್ಚುವ ಮುಂಚೆ ಮರ ಎಷ್ಟು ಒಣಗಿತ್ತು, ಎಷ್ಟು ಶುಚಿಯಾಗಿತ್ತು ಎಂಬುದರಿಂದ.
- ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಹಳೆಯ ಬಣ್ಣವನ್ನು ಒಣಗಿದ್ದಾಗ ಉಜ್ಜಿ ದೂಳೆಬ್ಬಿಸಬೇಡಿ. ಅದರಲ್ಲಿ ಸೀಸ ಇರಬಹುದು.

ಬಿಸಿಲು, ಮಳೆ ಮರಕ್ಕೆ ಏನು ಮಾಡುತ್ತವೆ?

ಮರದ ನಾರುಗಳನ್ನು ಒಂದಕ್ಕೊಂದು ಹಿಡಿದಿಡುವ ಅಂಟಿನಂಥ ವಸ್ತುವಿಗೆ ಲಿಗ್ನಿನ್ ಎಂದು ಹೆಸರು. ಬಿಸಿಲಿನ ನೇರಳಾತೀತ ಕಿರಣ ಇದನ್ನು ಒಡೆಯುತ್ತದೆ. ಒಡೆದ ಲಿಗ್ನಿನ್ ಮಳೆಯಲ್ಲಿ ತೊಳೆದುಹೋಗಿ, ಮೇಲೆ ಬೂದು ಬಣ್ಣದ ಸಡಿಲ ನಾರು ಉಳಿಯುತ್ತದೆ. ಗೇಟು, ಬಾಲ್ಕನಿಯ ಮರದ ಡೆಕ್, ಟೆರೇಸ್‌ನ ಪರ್ಗೋಲಾ, ಎಲಿವೇಶನ್‌ಗೆ ಹೊಡೆದ ಮರದ ಪಟ್ಟಿ ಕೆಲವು ವರ್ಷಗಳಲ್ಲಿ ಬೂದಿ ಬಣ್ಣಕ್ಕೆ ತಿರುಗುವುದು ಹೀಗೆ. ನೋಡಲು ಚೆನ್ನಾಗಿರುವುದಿಲ್ಲ, ಆದರೆ ಇದು ಮೇಲ್ಮೈಯ ಕತೆ ಮಾತ್ರ. ಬಿಸಿಲು ಮಳೆಯಿಂದ ಹೀಗೆ ಸವೆಯುವುದು ನೂರು ವರ್ಷಕ್ಕೆ ಕೆಲವೇ ಮಿಲಿಮೀಟರ್.

ನಿಜವಾದ ಶತ್ರು ಒಳಗೆ ನಿಂತ ನೀರು. ಮರವನ್ನು ಲಡ್ಡು ಹಿಡಿಸುವುದು ಒಂದು ಬಗೆಯ ಶಿಲೀಂಧ್ರ. ಮರದ ತೇವಾಂಶ ಸುಮಾರು 20%ಗಿಂತ ಕಡಿಮೆ ಇದ್ದರೆ ಅದು ಬೆಳೆಯಲಾರದು. ಅಂದರೆ ಮಳೆಗೆ ನೆನೆದರೂ ಬೇಗ ಒಣಗುವ ಮರ ಉಳಿಯುತ್ತದೆ. ನೆನೆದು ಒಣಗಲು ಜಾಗವೇ ಇಲ್ಲದ ಮರ ಕೊಳೆಯುತ್ತದೆ.

ನಿಮ್ಮ ಮನೆಯ ಮುಂಬಾಗಿಲನ್ನೇ ನೋಡಿ. ಲಡ್ಡಾಗಿರುವುದು ಹೆಚ್ಚಾಗಿ ಬಾಗಿಲಿನ ಕೆಳತುದಿ, ಚೌಕಟ್ಟಿನ ಬುಡ, ಹೊಸ್ತಿಲಿನ ಮೂಲೆ. ಕಾರಣ ಎರಡು. ಒಂದು, ದಿನವೂ ಹೊಸ್ತಿಲು ತೊಳೆದಾಗ ನೀರು ಅಲ್ಲಿ ನಿಲ್ಲುತ್ತದೆ. ಎರಡು, ಅಡ್ಡಡ್ಡ ಕೊಯ್ದ ಮರದ ತುದಿ ಸ್ಟ್ರಾಗಳ ಕಟ್ಟಿನಂತೆ. ಬದಿಗಿಂತ ಎಷ್ಟೋ ಪಟ್ಟು ಬೇಗ ನೀರು ಹೀರುತ್ತದೆ. ಬಾಗಿಲಿನ ಮುಂಭಾಗಕ್ಕೆ ನಾಲ್ಕು ಕೋಟ್ ಪಾಲಿಶ್ ಹೊಡೆದು ಕೆಳತುದಿಗೆ ಏನೂ ಹಚ್ಚದಿದ್ದರೆ ಮಳೆಗಾಲದಲ್ಲಿ ಬಾಗಿಲು ಊದಿಕೊಂಡು ಹಿಡಿಯುತ್ತದೆ.

ಹೊಸ್ತಿಲಿಗೆ ಅರಿಸಿನ ಹಚ್ಚುವುದರಿಂದಲೇ ಮರ ಕೆಡುವುದಿಲ್ಲ ಎಂಬ ಮಾತೂ ಇದೆ. ಅರಿಸಿನದ ಬಣ್ಣ ಬಿಸಿಲಿಗೆ ಬೇಗ ಮಾಸುತ್ತದೆ, ನೀರನ್ನು ತಡೆಯುವುದಿಲ್ಲ. ಸಂಪ್ರದಾಯ ಬಿಡಬೇಕಾಗಿಲ್ಲ. ತೊಳೆದ ಮೇಲೆ ಒಣಬಟ್ಟೆಯಿಂದ ಒರೆಸಿ ಆಮೇಲೆ ಅರಿಸಿನ-ಕುಂಕುಮ ಇಟ್ಟರೆ ಮರಕ್ಕೆ ದೊಡ್ಡ ಉಪಕಾರ.

ಹೇಳಿಕೆ 1: ವೇಸ್ಟ್ ಆಯಿಲ್ ಬಳಿದರೆ ಗೆದ್ದಲು, ಮಳೆ ಎರಡರ ಭಯವೂ ಇಲ್ಲ

ಇದು ತಪ್ಪು ಸಲಹೆ. ಹಳ್ಳಿಗಳಲ್ಲಿ ಬೇಲಿ ಗೂಟಕ್ಕೆ ಇದನ್ನು ಬಳಿಯುವ ರೂಢಿ ಇದೆ ನಿಜ. ಆದರೆ ಗಾಡಿಯಿಂದ ಬಸಿದ ಆಯಿಲ್ ಬರೀ ಎಣ್ಣೆಯಲ್ಲ. ಇಂಜಿನ್ ಒಳಗೆ ಸುಟ್ಟ ಇಂಧನದ ಅಂಶಗಳು, ಸವೆದ ಲೋಹದ ಕಣಗಳು ಅದರಲ್ಲಿ ಸೇರಿರುತ್ತವೆ. ಪೆಟ್ರೋಲ್ ಇಂಜಿನ್‌ನ ಹಳೆಯ ಆಯಿಲ್ಲನ್ನು ಇಲಿಗಳ ಚರ್ಮಕ್ಕೆ ಪದೇ ಪದೇ ಹಚ್ಚಿದ ಪ್ರಯೋಗಗಳಲ್ಲಿ ಗಡ್ಡೆಗಳು ಕಂಡುಬಂದಿವೆ. ನಮ್ಮ ದೇಶದ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಹಳೆಯ ಆಯಿಲ್ ಕೂಡ ಬರುತ್ತದೆ. ಮನೆಮಂದಿ ದಿನಕ್ಕೆ ಹತ್ತಾರು ಸಲ ಮುಟ್ಟುವ ಬಾಗಿಲಿಗೆ ಅದನ್ನು ಬಳಿಯುವುದು ಸರಿಯಲ್ಲ.

ಕೆಲಸಕ್ಕಾದರೂ ಬರುತ್ತದೆಯೇ ಎಂದರೆ, ಅದೂ ಇಲ್ಲ. ಈ ಆಯಿಲ್ ಒಣಗಿ ಗಟ್ಟಿಯಾಗುವುದಿಲ್ಲ. ದೂಳು ಹಿಡಿಯುತ್ತದೆ, ಮಳೆಗೆ ಸ್ವಲ್ಪ ಸ್ವಲ್ಪವೇ ತೊಳೆದು ಅಂಗಳದ ಮಣ್ಣಿಗೆ ಸೇರುತ್ತದೆ. ಮುಂದೆ ಎಂದಾದರೂ ಬಣ್ಣ ಹೊಡೆಸಿದರೆ ಅದರ ಮೇಲೆ ಬಣ್ಣ ಕೂರುವುದಿಲ್ಲ. ಇನ್ನು ಗೆದ್ದಲು ಬರುವುದು ನೆಲದಿಂದ, ಗೋಡೆಯ ಬಿರುಕಿನ ಮೂಲಕ, ಚೌಕಟ್ಟಿನ ಹಿಂಬದಿಗೆ. ನೀವು ಬಳಿಯುವುದು ಮುಂಬದಿಗೆ. ಗೆದ್ದಲಿನ ಮಣ್ಣಿನ ಸಾಲು ಕಂಡರೆ ನೆಲ ಮತ್ತು ಬುಡಕ್ಕೆ ಚಿಕಿತ್ಸೆ ಮಾಡಿಸಬೇಕು.

ಹೇಳಿಕೆ 2: ಕೊಬ್ಬರಿ ಎಣ್ಣೆ, ಅಗಸೆ ಎಣ್ಣೆ ಯಾವುದಾದರೂ ಸರಿ

ಎರಡೂ ಎಣ್ಣೆಯೇ, ಆದರೆ ಗುಣ ಬೇರೆ. ಕೊಬ್ಬರಿ, ಕಡಲೆಕಾಯಿ ಎಣ್ಣೆ ಗಾಳಿಗೆ ಒಣಗುವುದಿಲ್ಲ. ಹಚ್ಚಿದ ದಿನ ಹೊಳೆಯುತ್ತದೆ, ಆಮೇಲೆ ದೂಳು, ಬೂಷ್ಟು. ಅಗಸೆ ಎಣ್ಣೆ ಹಾಗಲ್ಲ. ಗಾಳಿಯ ಆಮ್ಲಜನಕದೊಂದಿಗೆ ಸೇರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಡಬಲ್ ಬಾಯಿಲ್ಡ್ ಲಿನ್‌ಸೀಡ್ ಆಯಿಲ್ ಎಂದು ಸಿಗುವುದು ಇದೇ, ಬೇಗ ಒಣಗುವಂತೆ ಮಾಡಿದ ರೂಪದಲ್ಲಿ. ಆದರೂ ಬಣ್ಣದ ಅಂಶವಿಲ್ಲದ ಬರೀ ಅಗಸೆ ಎಣ್ಣೆ ಬಿಸಿಲನ್ನು ತಡೆಯುವುದಿಲ್ಲ, ಮಳೆಗಾಲದಲ್ಲಿ ಕಪ್ಪು ಬೂಷ್ಟಿಗೂ ಆಹಾರವಾಗುತ್ತದೆ.

ಇಲ್ಲೊಂದು ಎಚ್ಚರಿಕೆ. ಅಗಸೆ ಎಣ್ಣೆ ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಶಾಖ ಹೊರಹೋಗದೆ, ಕಡ್ಡಿ ಗೀರದಿದ್ದರೂ ಬೆಂಕಿ ಹತ್ತಿಕೊಳ್ಳಬಹುದು. 1991ರ ಫೆಬ್ರವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಒನ್ ಮೆರಿಡಿಯನ್ ಪ್ಲಾಜಾ ಎಂಬ ಬಹುಮಹಡಿ ಕಟ್ಟಡಕ್ಕೆ ಬಿದ್ದ ಬೆಂಕಿ ಶುರುವಾದದ್ದು ಇಂಥ ಬಟ್ಟೆಗಳಿಂದಲೇ. ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಬಟ್ಟೆಗಳನ್ನು ಬಿಡಿಬಿಡಿಯಾಗಿ ಬಯಲಲ್ಲಿ ಹರವಿ ಪೂರ್ತಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಹೇಳಿಕೆ 3: ತೇಗದ ಮರಕ್ಕೆ ಏನೂ ಬೇಡ

ಅರ್ಧ ನಿಜ. ತೇಗ, ಹೊನ್ನೆ, ಹಲಸು ಬಾಳಿಕೆ ಬರುವುದು ಒಳಗಿನ ಗಾಢ ಬಣ್ಣದ ಚೇಗಿನಿಂದ. ಚೇಗಿನಲ್ಲಿ ಶಿಲೀಂಧ್ರ, ಗೆದ್ದಲು ಇಷ್ಟಪಡದ ಸಹಜ ರಾಸಾಯನಿಕಗಳಿರುತ್ತವೆ. ಹೊರಸುತ್ತಿನ ಬೆಳ್ಳನೆಯ ಭಾಗಕ್ಕೆ ಆ ರಕ್ಷಣೆ ಇಲ್ಲ. ತೇಗವೇ ಆದರೂ ಬಿಳಿ ಭಾಗ ಸೇರಿದ್ದರೆ ಅಲ್ಲಿಂದಲೇ ಹಾಳಾಗುತ್ತದೆ. ಸಿಲ್ವರ್ ಓಕ್, ರಬ್ಬರ್ ಮರ, ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಮರವನ್ನು ಸಂಸ್ಕರಿಸದೆ ಬಯಲಿಗಿಟ್ಟರೆ ಬಹಳ ಕಾಲ ಬಾಳುವುದಿಲ್ಲ.

ನಿಮ್ಮದು ಯಾವ ಮರ ಎಂಬ ಅನುಮಾನವಿದ್ದರೆ ಮಲ್ಲೇಶ್ವರದ ಇನ್‌ಸ್ಟಿಟ್ಯೂಟ್ ಆಫ್ ವುಡ್ ಸೈನ್ಸ್ ಅಂಡ್ ಟೆಕ್ನಾಲಜಿಯಲ್ಲಿ ಶುಲ್ಕ ಕೊಟ್ಟು ಮರದ ಗುರುತು ಹಚ್ಚಿಸಿಕೊಳ್ಳಬಹುದು. ಇದು ಕೇಂದ್ರ ಸರ್ಕಾರದ ಅರಣ್ಯ ಸಂಶೋಧನಾ ಮಂಡಳಿಯ ಸಂಸ್ಥೆ.

ಹೇಳಿಕೆ 4: ಸಿಪ್ಪೆ ಏಳುತ್ತಿದೆಯೇ? ಮೇಲೊಂದು ಕೋಟ್ ವಾರ್ನಿಷ್ ಹೊಡೆಯಿರಿ

ವಾರ್ನಿಷ್ ಮರದ ಮೇಲೆ ಪೊರೆಯಂತೆ ಕೂರುತ್ತದೆ. ಬಣ್ಣವಿಲ್ಲದ ಪೊರೆಯ ಮೂಲಕ ಬಿಸಿಲು ಒಳಹೊಕ್ಕು, ಪೊರೆಯ ಕೆಳಗೇ ಲಿಗ್ನಿನ್ ಒಡೆಯುತ್ತದೆ. ಹಿಡಿದುಕೊಳ್ಳಲು ಆಧಾರವಿಲ್ಲದೆ ಪೊರೆ ಸಿಪ್ಪೆ ಏಳುತ್ತದೆ. ಅದರ ಮೇಲೆ ಹೊಸ ಕೋಟ್ ಹೊಡೆದರೆ ಅದು ಅಂಟುವುದು ಸಡಿಲ ಸಿಪ್ಪೆಗೆ, ಮರಕ್ಕಲ್ಲ. ಬಿರುಕಿನಿಂದ ಒಳಹೋದ ನೀರೂ ಅಲ್ಲೇ ಉಳಿಯುತ್ತದೆ.

ಮರದೊಳಕ್ಕೆ ಇಳಿಯುವ ಹೊರಾಂಗಣ ವುಡ್ ಸ್ಟೇನ್ ಬೇರೆ ರೀತಿ. ಅದರಲ್ಲಿನ ಬಣ್ಣದ ಕಣಗಳು ಬಿಸಿಲನ್ನು ತಡೆಯುತ್ತವೆ, ದಪ್ಪ ಪೊರೆ ಇಲ್ಲದ್ದರಿಂದ ಸಿಪ್ಪೆ ಏಳುವುದಿಲ್ಲ. ಮಾಸಿದಾಗ ತೊಳೆದು, ಲಘುವಾಗಿ ಉಜ್ಜಿ ಮತ್ತೆ ಹಚ್ಚಬಹುದು. ಕಾಲಿಟ್ಟು ಓಡಾಡುವ ಡೆಕ್‌ಗೆ, ನೇರ ಬಿಸಿಲು ಬೀಳುವ ಗೇಟಿಗೆ ಇದೇ ವಾಸಿ. ಪೋರ್ಟಿಕೋದ ನೆರಳಿನಲ್ಲಿರುವ ಬಾಗಿಲಿಗೆ ಹೊರಾಂಗಣಕ್ಕೆಂದೇ ಮಾಡಿದ ಪಾಲಿಶ್ ಆಗಬಹುದು. ಮನೆಯೊಳಗಿನ ಪೀಠೋಪಕರಣಕ್ಕೆ ಹೊಡೆಯುವ ಅರಗಿನ ಫ್ರೆಂಚ್ ಪಾಲಿಶ್ ಮಳೆಗೆ ಬೆಳ್ಳಗಾಗುತ್ತದೆ, ಹೊರಗೆ ಬೇಡ.

ಉಜ್ಜುವ ಮುನ್ನ ಇದನ್ನು ಓದಿ: ಹಳೆಯ ಬಣ್ಣದಲ್ಲಿ ಸೀಸ

ಫಾರ್ವರ್ಡ್‌ಗಳು ಹೇಳದೇ ಬಿಡುವ ವಿಷಯ ಇದು. ಹಿಂದೆ ಎನಾಮೆಲ್ ಬಣ್ಣಗಳಲ್ಲಿ ಸೀಸ ಸೇರಿಸುವುದು ಸಾಮಾನ್ಯವಾಗಿತ್ತು. ಗಾಢ ಹಳದಿ, ಕೆಂಪು, ಹಸಿರಿನಲ್ಲಿ ಹೆಚ್ಚು, ಏಕೆಂದರೆ ಆ ಬಣ್ಣ ಬರುತ್ತಿದ್ದದ್ದೇ ಸೀಸದ ಸಂಯುಕ್ತಗಳಿಂದ. ನಮ್ಮ ಹೊಸ್ತಿಲುಗಳಿಗೆ ಹೊಡೆಸುವುದೂ ಹಳದಿ ಮತ್ತು ಕೆಂಪನ್ನೇ.

ಮನೆ ಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ಕೇಂದ್ರದ ನಿಯಮ 2016ರಲ್ಲಿ ಬಂದು, 2017ರ ನವೆಂಬರ್‌ನಿಂದ ಜಾರಿಯಾಯಿತು. ಅದಕ್ಕೂ ಹಿಂದೆ ಹೊಡೆಸಿದ ಎನಾಮೆಲ್ ಪದರಗಳಲ್ಲಿ ಸೀಸ ಇರಬಹುದೆಂದೇ ತಿಳಿದು ನಡೆಯುವುದು ಜಾಣತನ. ಒಣ ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿದರೆ ಸೀಸ ಬೆರೆತ ದೂಳು ನೆಲಕ್ಕೆ ಕೂರುತ್ತದೆ. ಅಂಬೆಗಾಲಿಡುವ ಮಗು ಅದೇ ಕೈಯನ್ನು ಬಾಯಿಗಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಹೊಟ್ಟೆಗೆ ಹೋದ ಸೀಸವನ್ನು ಚಿಕ್ಕ ಮಕ್ಕಳ ದೇಹ ದೊಡ್ಡವರಿಗಿಂತ 4-5 ಪಟ್ಟು ಹೆಚ್ಚು ಹೀರಬಲ್ಲದು, ಮತ್ತು ಇಷ್ಟು ಸೀಸ ಸುರಕ್ಷಿತ ಎಂಬ ಮಟ್ಟವೇ ಇಲ್ಲ. ಮೆದುಳಿನ ಬೆಳವಣಿಗೆಗೆ ಆಗುವ ಹಾನಿ ಹೊರಗೆ ಕಾಣುವುದಿಲ್ಲ.

ಆದ್ದರಿಂದ:

- ಮಕ್ಕಳು, ಗರ್ಭಿಣಿಯರು ಆ ಕೆಲಸ ಮುಗಿಯುವವರೆಗೆ ಅಲ್ಲಿರಬಾರದು.
- ನೀರು ಚಿಮುಕಿಸಿ ವಾಟರ್ ಪೇಪರ್‌ನಲ್ಲಿ ಉಜ್ಜಿಸಿ. ಮೆಷಿನ್ ಹಚ್ಚಿ ದೂಳೆಬ್ಬಿಸುವುದು, ಬೆಂಕಿ ಜ್ವಾಲೆಯಿಂದ ಬಣ್ಣ ಸುಡುವುದು ಬೇಡ.
- ಕೆಲಸ ಮಾಡುವವರಿಗೆ ಎನ್95 ಮಾಸ್ಕ್ ಕೊಡಿ. ದಿನವಿಡೀ ಆ ದೂಳು ಕುಡಿಯುವವರು ಅವರು.
- ಪೊರಕೆಯಿಂದ ಗುಡಿಸಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಸಿಪ್ಪೆಯನ್ನು ಕವರ್‌ನಲ್ಲಿ ಕಟ್ಟಿ ಬೇರೆಯಾಗಿ ಕೊಡಿ.
- ಹೊಸ ಬಣ್ಣ ಕೊಳ್ಳುವಾಗ ಡಬ್ಬಿಯ ಮೇಲೆ ಸೀಸದ ಪ್ರಮಾಣದ ಬಗ್ಗೆ ಬರೆದಿದೆಯೇ ನೋಡಿ.

ಹಳೆಯ ಪದರ ಗಟ್ಟಿಯಾಗಿ ಕೂತಿದ್ದರೆ ಅದನ್ನು ಪೂರ್ತಿ ಕೀಳುವುದಕ್ಕಿಂತ ಒದ್ದೆಯಾಗಿ ಲಘುವಾಗಿ ಉಜ್ಜಿ, ಒಣಗಿಸಿ, ಮೇಲೆ ಎನಾಮೆಲ್ ಹೊಡೆಸುವುದೇ ಸುರಕ್ಷಿತ.

ಸರಿಯಾದ ಕ್ರಮ ಯಾವುದು?

1. ಮೊದಲು ಪರೀಕ್ಷೆ. ಬುಡ, ಮೂಲೆ, ಜೋಡಣೆಗಳಿಗೆ ಸ್ಕ್ರೂಡ್ರೈವರ್ ತುದಿ ಒತ್ತಿ. ಮೆತ್ತಗೆ ಒಳಗಿಳಿದರೆ ಆ ತುಂಡು ಲಡ್ಡಾಗಿದೆ. ಬಡಗಿಯಿಂದ ಬದಲಾಯಿಸಿ. ಬಣ್ಣದಿಂದ ಮುಚ್ಚಬೇಡಿ.
2. ನೀರು ಎಲ್ಲಿಂದ ಬರುತ್ತಿದೆ ನೋಡಿ. ಸೋರುವ ಸಜ್ಜಾ, ಮರಕ್ಕೆ ತಾಗಿಕೊಂಡ ಹೂಕುಂಡ, ಡೆಕ್ ಪಟ್ಟಿಗಳ ಸಂದಿಯಲ್ಲಿ ತುಂಬಿದ ಎಲೆ ಮೊದಲು ಸರಿಯಾಗಲಿ.
3. ಸೋಪು ನೀರು, ಮೆತ್ತನೆಯ ಬ್ರಷ್‌ನಿಂದ ತೊಳೆಯಿರಿ. ಗಾಡಿ ತೊಳೆಯುವ ಪ್ರೆಷರ್ ಗನ್ ಮರದ ನಾರನ್ನು ಕಿತ್ತುಹಾಕುತ್ತದೆ. ಬ್ಲೀಚ್ ಮತ್ತು ಟಾಯ್ಲೆಟ್ ಕ್ಲೀನರ್ ಬೆರೆಸುವ ಸಲಹೆ ಎಲ್ಲೇ ಕಂಡರೂ ಪಾಲಿಸಬೇಡಿ. ಅದರಿಂದ ವಿಷಕಾರಿ ಕ್ಲೋರಿನ್ ಅನಿಲ ಬರುತ್ತದೆ.
4. ಒಣಗಲು ಬಿಡಿ. ಕನಿಷ್ಠ ಎರಡು ಮೂರು ದಿನ ಚೆನ್ನಾದ ಬಿಸಿಲು ಬೇಕು, ಮೋಡವಿದ್ದರೆ ಇನ್ನೂ ಹೆಚ್ಚು.
5. ಬೂದು ಪದರ ಹೋಗುವವರೆಗೆ 80ರಿಂದ 120 ನಂಬರ್ ಪೇಪರ್‌ನಲ್ಲಿ ಮರದ ಎಳೆಯ ದಿಕ್ಕಿನಲ್ಲೇ ಉಜ್ಜಿ. ತೀರಾ ನುಣುಪು ಮಾಡಿದರೆ ಸ್ಟೇನ್ ಒಳಗಿಳಿಯುವುದಿಲ್ಲ. ಎನಾಮೆಲ್ ಪದರವಿದ್ದರೆ ಮೇಲೆ ಹೇಳಿದ ಒದ್ದೆ ವಿಧಾನವೇ ಗತಿ.
6. ಮೇಲೆ ನಾಲ್ಕು ಹನಿ ನೀರು ಹಾಕಿ. ಕೆಲವು ನಿಮಿಷಗಳಲ್ಲಿ ಹೀರಿಕೊಂಡರೆ ಮರ ಸ್ಟೇನ್‌ಗೆ ಸಿದ್ಧ. ಹನಿ ಹಾಗೇ ನಿಂತರೆ ಹಳೆಯ ಪಾಲಿಶ್ ಇನ್ನೂ ಉಳಿದಿದೆ.
7. ತೆಳುವಾಗಿ ಹಚ್ಚಿ, ಹೀರದೆ ಉಳಿದದ್ದನ್ನು ಒರೆಸಿ. ಸುಡುಬಿಸಿಲಿನಲ್ಲಿ ಹಚ್ಚಬೇಡಿ. ಬಾಗಿಲನ್ನು ಇಳಿಸಿ ಕೆಳತುದಿ, ಮೇಲ್ತುದಿಗಳಿಗೆ ಎರಡು ಮೂರು ಸಲ ಹಚ್ಚಿ. ಇಡೀ ಕೆಲಸದಲ್ಲಿ ಇದೇ ಅತಿ ಮುಖ್ಯ ಹೆಜ್ಜೆ, ಎಲ್ಲರೂ ಬಿಡುವ ಹೆಜ್ಜೆಯೂ ಇದೇ.

ಯಾವಾಗ ಮಾಡಿಸಬೇಕು?

ನಮ್ಮ ರೂಢಿ ಇರುವುದು ಹಬ್ಬಕ್ಕೆ ಮುಂಚೆ. ಆದರೆ ಬೆಂಗಳೂರಿನಲ್ಲಿ ಸಾಮಾನ್ಯವಾಗಿ ಅತಿ ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರ್ ತಿಂಗಳಲ್ಲಿ, ಅಕ್ಟೋಬರ್ ಕೂಡ ಒದ್ದೆಯೇ. ಅಂದರೆ ಗಣೇಶ, ದಸರಾಕ್ಕೆಂದು ನಾವು ಪಾಲಿಶ್ ಹೊಡೆಸುವ ಹೊತ್ತಿಗೆ ಮರ ತೇವ ಕುಡಿದಿರುತ್ತದೆ. ಆ ತೇವವನ್ನು ಒಳಗಿಟ್ಟು ಮೇಲೆ ಮುಚ್ಚಳ ಹಾಕಿದಂತಾಗುತ್ತದೆ. ಮುಂದಿನ ಬೇಸಿಗೆಗೆ ಸಿಪ್ಪೆ ಏಳುತ್ತದೆ, ಬೈಗುಳ ಪೇಂಟರ್‌ಗೆ.

ಸಂಕ್ರಾಂತಿ ಕಳೆದು ಯುಗಾದಿ ಬರುವ ನಡುವಿನ ಒಣ ದಿನಗಳೇ ಇದಕ್ಕೆ ಸರಿಯಾದ ಕಾಲ. ಈ ಶ್ರಾವಣಕ್ಕೆ ಬಾಗಿಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ತೋರಣ ಕಟ್ಟಿ. ಹಬ್ಬಕ್ಕೆ ಅಷ್ಟು ಸಾಕು. ಪಾಲಿಶ್ ಕೆಲಸವನ್ನು ಜನವರಿಗೆ ಇಟ್ಟುಕೊಳ್ಳಿ.

ವೇಸ್ಟ್ ಆಯಿಲ್ ಸಲಹೆ ನಿಮ್ಮ ಗ್ರೂಪ್‌ಗೂ ಬಂದಿದ್ದರೆ, ಕಳಿಸಿದವರಿಗೆ ಹೊಸ್ತಿಲಿನ ಹಳೆಯ ಬಣ್ಣದ ವಿಷಯವನ್ನು ಮೊದಲು ತಿಳಿಸಿ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ತಡಮಾಡಬೇಡಿ.