ಕಾಲುವೆ ಸೀಮೆಯ ಎರಡು ವಲಸೆಗಳು

ಕುರುಗೋಡು, ಸಿರುಗುಪ್ಪಗಳ ಕಾಲುವೆ ಸೀಮೆಯಲ್ಲಿ ಸುತ್ತಾಡಿದವರಿಗೆ ‘ಕ್ಯಾಂಪ್’ ಎಂದು ಕೊನೆಗೊಳ್ಳುವ ಊರ ಹೆಸರುಗಳು ಪರಿಚಿತವೇ. ಕ್ಯಾಂಪ್ ಎಂದರೆ ಬಿಡಾರ. ಇಂದು ಹೂಡಿ ನಾಳೆ ಕೀಳುವಂಥದು. ಈ ಬಿಡಾರಗಳಾದರೋ ಮೂರು ತಲೆಮಾರು ಕಳೆದರೂ ಬೇರುಬಿಟ್ಟು ನಿಂತಿವೆ. ಅವುಗಳ ಕಥೆಯೆಂದರೆ ಈ ಸೀಮೆಯ ದುಡಿಮೆಯ ಕಥೆಯೇ.

ಕುರುಗೋಡು ಹಳೆಯ ಊರು. ಸಿಂದರು ಆಳಿದ ನೆಲೆ. ದೊಡ್ಡ ಬಸವೇಶ್ವರನಿಂದ ಹೆಸರಾದದ್ದು. ನದಿಯಂಚಿನ ಸಿರುಗುಪ್ಪ, ದೇಶನೂರುಗಳಿಗೆ ವಿಜಯನಗರದ ಕಾಲದ ಕಾಲುವೆಗಳಿದ್ದವು. ಅಲ್ಲಿ ಬತ್ತ ಹೊಸದಲ್ಲ. ಮಿಕ್ಕ ಎರೆಭೂಮಿಯೆಲ್ಲ ಮಳೆಯನ್ನೇ ನಂಬಿ ಜೋಳ, ಹತ್ತಿ ಬೆಳೆಯುತ್ತಿತ್ತು. 1876-78ರ ಬರ ಬಳ್ಳಾರಿ ಜಿಲ್ಲೆಯನ್ನು ಹೇಗೆ ಹಿಂಡಿತೆಂಬುದನ್ನು ಬಲ್ಲವರಿಗೆ, ತುಂಗಭದ್ರೆಗೆ ಅಣೆಕಟ್ಟು ಬೇಕೆಂಬ ಹಂಬಲ ಅರ್ಥವಾದೀತು.

1945ರಲ್ಲಿ ಅದಕ್ಕೆ ಶಂಕುಸ್ಥಾಪನೆಯಾಯಿತು. 1953ರಲ್ಲಿ ಕಾಲುವೆಗೆ ನೀರು ಬಂತು. ಅದೇ ವರ್ಷದ ಅಕ್ಟೋಬರ್ 1ರಂದು ಬಳ್ಳಾರಿ ಮದರಾಸಿನಿಂದ ಮೈಸೂರು ರಾಜ್ಯಕ್ಕೆ ಸೇರಿತು. ಕಾಲುವೆಯ ನೀರನ್ನು ಯೋಜಕರು ಬಹುಮಟ್ಟಿಗೆ ಹತ್ತಿ, ಜೋಳಗಳಂತಹ ಮಿತನೀರಿನ ಬೆಳೆಗಳಿಗೆಂದೇ ಗೊತ್ತುಮಾಡಿದ್ದರು. ಆದರೆ ನೀರಿನ ಜೊತೆಯಲ್ಲೇ ಕರಾವಳಿ ಆಂಧ್ರದ ರೈತರು ಬಂದರು. ಅಲ್ಲಿ ಕೊಂಚ ನೆಲವನ್ನು ಹೆಚ್ಚಿನ ಬೆಲೆಗೆ ಮಾರಿ, ಇಲ್ಲಿ ಹೆಚ್ಚು ನೆಲವನ್ನು ಅಗ್ಗಕ್ಕೆ ಕೊಂಡರು. ಗುಡಿಸಲು ಹಾಕಿ, ಜಾಲಿ ಕಡಿದು, ಹೊಲಗಳನ್ನು ಮಟ್ಟಮಾಡಿ ಬತ್ತದ ಗದ್ದೆ ಕಟ್ಟಿದರು. ಅವರ ಶ್ರಮ ಸಣ್ಣದಲ್ಲ. ಇತ್ತ ನೀರಾವರಿಯ ಖರ್ಚೂ ಕಸುಬೂ ಕೈಗೆಟುಕದ ಸ್ಥಳೀಯ ಒಕ್ಕಲಿಗರಲ್ಲಿ ಹಲವರು ನೆಲ ಮಾರಿದರು. ಕೆಲವರು ತಾವು ಮಾರಿದ ನೆಲದಲ್ಲೇ ಕೂಲಿಗೆ ನಿಂತರು.

ಬತ್ತವು ಕೈಗಳನ್ನು ಬೇಡುವ ಬೆಳೆ. ನಾಟಿ ಕೆಲವೇ ವಾರಗಳಲ್ಲಿ ಮುಗಿಯಬೇಕು. ಸುತ್ತಣ ಒಣಸೀಮೆಯ ಹೆಂಗಸರು ಗುಂಪುಗುಂಪಾಗಿ ಗುತ್ತಿಗೆ ಹಿಡಿದು ಬಂದರು. ಕೊಯ್ಲಿಗೂ ಹಾಗೆಯೇ ಕುಡುಗೋಲುಗಳು ಬಂದವು. ಈಗ ಕೊಯ್ಲಿನ ಕೆಲಸವನ್ನು ಯಂತ್ರ ಕಸಿದುಕೊಂಡಿದೆ. ಮೆಣಸಿನಕಾಯಿ ಬಿಡಿಸಲು ಮಾತ್ರ ಇನ್ನೂ ಕೈಗಳೇ ಬೇಕು. ನಡುವೆ ಅದಿರಿನ ಗಣಿಗಳು ಎಷ್ಟೋ ಮಂದಿಯನ್ನು ಸೆಳೆದವು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಆ ದುಡಿಮೆಯೂ ನಿಂತಿತು. ಬಳ್ಳಾರಿಯ ಜೀನ್ಸ್ ಹೊಲಿಗೆ ಕೆಲವರಿಗೆ ಅನ್ನವಾಯಿತು.

ಕ್ಯಾಂಪಿನ ಮಕ್ಕಳು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಕಲಿತು ಬೆಳೆದವರು. ಅವರಲ್ಲಿ ಅನೇಕರು ಇಂಜಿನಿಯರರಾಗಿ ಬೆಂಗಳೂರು, ಹೈದರಾಬಾದು, ಅಮೆರಿಕೆಗಳನ್ನು ಸೇರಿದ್ದಾರೆ. ಕೂಲಿಯವರ ಮಕ್ಕಳೂ ಬೆಂಗಳೂರಿಗೆ ಹೋಗುತ್ತಾರೆ, ಕಟ್ಟಡದ ಕೆಲಸಕ್ಕೆ. ಎರಡನ್ನೂ ನಾವು ವಲಸೆ ಎಂದೇ ಕರೆಯುತ್ತೇವೆ. ಆದರೆ ಒಬ್ಬನ ಬೆನ್ನಿಗೆ ನೆಲವಿದೆ. ಇನ್ನೊಬ್ಬನಿಗೆ ತೋಳು ಮಾತ್ರ. ಹೊರಗಿನವನು, ಒಳಗಿನವನು ಎಂಬ ಭಾಷೆಯ ಲೆಕ್ಕಕ್ಕಿಂತ ಈ ಭೇದವೇ ದೊಡ್ಡದಲ್ಲವೆ? ಕ್ಯಾಂಪಿಗೆ ಆಂಧ್ರದಿಂದಲೇ ಬಂದ ತೆಲುಗು ಕೂಲಿಕಾರರೂ ಇದ್ದರೆಂಬುದನ್ನು ನೆನೆದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ.

ಅಣೆಕಟ್ಟಿನ ಚರಿತ್ರೆಯನ್ನು ನಾವು ಎಕರೆ, ಅಡಿಗಳ ಲೆಕ್ಕದಲ್ಲಿ ಬರೆದಿದ್ದೇವೆ. ಯಾರು ಮಾರಿದರು, ಯಾವ ಬೆಲೆಗೆ, ಯಾವ ಸಾಲ ತೀರಿಸಲು? ಅದನ್ನರಿಯಲು ಹಳೆಯ ಕ್ರಯಪತ್ರಗಳನ್ನು ಬಿಚ್ಚಬೇಕು. ನಾಟಿಯ ಗುಂಪಿನ ಮುದುಕಿಯರನ್ನು ಅವರಿರುವಾಗಲೇ ಕೇಳಿಕೊಳ್ಳಬೇಕು. ಶಾಸನಗಳಿಗಾಗಿ ಕುರುಗೋಡಿಗೆ ಹೋಗುವ ನಮ್ಮ ವಿದ್ವಾಂಸರು ಹಿಂತಿರುಗುವ ಮುನ್ನ ಒಂದು ದಿನ ಈ ಕೆಲಸಕ್ಕೂ ಮೀಸಲಿಟ್ಟರೆ ಒಳ್ಳೆಯದು.