ರೈತನಿಗೆಂದೇ ಮಾಡಿದ ವಿಮಾನ: ಎಚ್‌ಎಎಲ್ ಮ್ಯೂಸಿಯಂನಲ್ಲಿ ನಾವು ಕಂಡ ‘ಬಸಂತ್’

ಊರಿನ ಮೇಲೆ ವಿಮಾನ ಹೋದರೆ ಇವತ್ತಿಗೂ ಮಕ್ಕಳು ಅಂಗಳಕ್ಕೆ ಓಡಿ ಬರುತ್ತಾರೆ. ಕಳೆ ಕೀಳುತ್ತಿದ್ದವರು ಸೊಂಟ ನೆಟ್ಟಗೆ ಮಾಡಿ, ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಾರೆ. ಅದು ಮರೆಯಾದ ಮೇಲೆ ಮತ್ತೆ ಕೆಲಸಕ್ಕೆ ಬಗ್ಗುತ್ತಾರೆ. ವಿಮಾನಕ್ಕೂ ಹೊಲಕ್ಕೂ ಅಷ್ಟೇ ಸಂಬಂಧ ಎಂದು ನಾವೂ ತಿಳಿದುಕೊಂಡಿದ್ದೆವು.

ಆದರೆ ಹೊಲದ ಕೆಲಸಕ್ಕೆಂದೇ ಒಂದು ವಿಮಾನ ನಮ್ಮ ಬೆಂಗಳೂರಿನಲ್ಲೇ ತಯಾರಾಗಿತ್ತು. ಅದರ ಹೆಸರು ‘ಬಸಂತ್’. ಹಳೇ ವಿಮಾನ ನಿಲ್ದಾಣದ ರಸ್ತೆಯಲ್ಲಿ ಮಾರತ್‌ಹಳ್ಳಿ ಕಡೆ ಹೋದರೆ ಎಚ್‌ಎಎಲ್‌ನವರ ಹೆರಿಟೇಜ್ ಸೆಂಟರ್ ಮತ್ತು ಏರೋಸ್ಪೇಸ್ ಮ್ಯೂಸಿಯಂ ಸಿಗುತ್ತದೆ. 2001ರಲ್ಲಿ ಶುರುವಾದದ್ದು. ಅಲ್ಲಿನ ಬಯಲಿನಲ್ಲಿ, ಯುದ್ಧ ವಿಮಾನಗಳ ನಡುವೆ, ಬಸಂತ್ ಕೂಡ ನಿಂತಿದೆ. ಬಂದವರೆಲ್ಲ ಮಿಗ್ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತಾರೆ. ನಾವು ಹಳ್ಳಿಯವರು, ಬಸಂತ್ ಮುಂದೆ ನಿಂತೆವು.

ಅದರ ಕಥೆ ಹೇಳಬೇಕಾದರೆ ಮೊದಲು ಕಾರ್ಖಾನೆಯ ಕಥೆ ಹೇಳಬೇಕು.

ಮೈಸೂರಿನ ದುಡ್ಡು, ಮೈಸೂರಿನ ನೆಲ

1940. ಯುರೋಪಿನಲ್ಲಿ ಎರಡನೇ ಮಹಾಯುದ್ಧ. ಮುಂಬೈ ಕಡೆಯ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರಿಗೆ ಭಾರತದಲ್ಲೇ ವಿಮಾನ ಮಾಡಬೇಕೆಂಬ ಹಂಬಲ. ಅಮೆರಿಕದ ವಿಲಿಯಂ ಪಾಲೆ ಎಂಬವರು ತಾಂತ್ರಿಕ ನೆರವಿಗೆ ಒಪ್ಪಿದ್ದರು. ಜಾಗ ಮತ್ತು ಬಂಡವಾಳ ಬೇಕಿತ್ತು. ಮುಂದೆ ಬಂದದ್ದು ಮೈಸೂರು ಸಂಸ್ಥಾನ. ಆಗ ಜಯಚಾಮರಾಜೇಂದ್ರ ಒಡೆಯರ್ ಮಹಾರಾಜರು, ಸರ್ ಮಿರ್ಜಾ ಇಸ್ಮಾಯಿಲ್ ದಿವಾನರು.

ಸಂಸ್ಥಾನ 25 ಲಕ್ಷ ರೂಪಾಯಿ ಹಾಕಿತು, 700 ಎಕರೆ ಜಮೀನು ಕೊಟ್ಟಿತು. ಶಿವನಸಮುದ್ರದ ಕರೆಂಟು, ಭದ್ರಾವತಿಯ ಉಕ್ಕು, ಟಾಟಾ ಇನ್‌ಸ್ಟಿಟ್ಯೂಟಿನ ವಿಜ್ಞಾನಿಗಳು ಎಲ್ಲವೂ ಈ ಸೀಮೆಯಲ್ಲೇ ಇದ್ದವು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. ಸಂಸ್ಥಾನದ ಖಜಾನೆ ತುಂಬಿದ್ದರಲ್ಲಿ ರೈತರ ಕಂದಾಯವೂ ಇತ್ತು. ಆ 25 ಲಕ್ಷದಲ್ಲಿ ನಮ್ಮ ಮುತ್ತಜ್ಜಂದಿರ ಬೆವರೂ ಇದೆ ಎಂದರೆ ತಪ್ಪಾಗದು.

1941ರ ಆಗಸ್ಟ್ ಹೊತ್ತಿಗೆ ಅಮೆರಿಕದ ಹಾರ್ಲೊ ಎಂಬ ತರಬೇತಿ ವಿಮಾನವನ್ನು ಇಲ್ಲಿ ಜೋಡಿಸಿ ಹಾರಿಸಿಯೇ ಬಿಟ್ಟರು. ಅಷ್ಟರಲ್ಲಿ ಯುದ್ಧ ಏಷ್ಯಾಕ್ಕೂ ಬಂತು. 1942ರಲ್ಲಿ ಬ್ರಿಟಿಷ್ ಭಾರತ ಸರ್ಕಾರ ವಾಲ್‌ಚಂದ್ ಅವರ ಪಾಲನ್ನು ಕೊಂಡುಕೊಂಡಿತು. ಮೈಸೂರು ಮಾತ್ರ ತನ್ನ ಪಾಲು ಮಾರಲಿಲ್ಲ. 1943ರಲ್ಲಿ ಕಾರ್ಖಾನೆ ಅಮೆರಿಕದ ಸೇನೆಯ ಕೈಗೆ ಹೋಗಿ, ಯುದ್ಧ ವಿಮಾನಗಳ ದೊಡ್ಡ ರಿಪೇರಿ ಶೆಡ್ಡಾಯಿತು.

ಗುಜರಿಯಿಂದ ಎದ್ದ ಬಾಂಬರ್‌ಗಳು

ಯುದ್ಧ ಮುಗಿಯಿತು. ಅಮೆರಿಕದವರು ಹೋದರು. ಕೈಯಲ್ಲಿ ಸಾವಿರಾರು ನುರಿತ ಕೆಲಸಗಾರರು, ಮಾಡಲು ವಿಮಾನವಿಲ್ಲ. ಆಗ ಕಾರ್ಖಾನೆ ರೈಲು ಬೋಗಿ ಕಟ್ಟಿತು, ಬಸ್ಸಿನ ಬಾಡಿ ಕಟ್ಟಿತು. ಮಳೆ ಕೈಕೊಟ್ಟ ವರ್ಷ ರೈತ ಬಂದ ಕೂಲಿಗೆ ಹೋಗುವಂತೆಯೇ ಇದು.

ಕಾನ್ಪುರದಲ್ಲಿ ಬ್ರಿಟಿಷ್ ವಾಯುಸೇನೆ ಬಿಟ್ಟುಹೋದ ಲಿಬರೇಟರ್ ಬಾಂಬರ್‌ಗಳು ಬಿದ್ದಿದ್ದವು. ಇನ್ಯಾರೂ ಬಳಸಬಾರದೆಂದು ಅವನ್ನು ಬೇಕೆಂದೇ ಹಾಳು ಮಾಡಿದ್ದರು. ನಮ್ಮವರು ಅಲ್ಲಿಗೆ ಹೋಗಿ, ಹಾರಲು ಬೇಕಾದಷ್ಟು ಮಾತ್ರ ರಿಪೇರಿ ಮಾಡಿದರು. ಕ್ಯಾಪ್ಟನ್ ಜಮ್‌ಶೆಡ್ ಮುನ್ಶಿ ಅವನ್ನು ಬೆಂಗಳೂರಿಗೆ ಹಾರಿಸಿ ತಂದರು. ಸುಮಾರು 40 ಬಾಂಬರ್‌ಗಳಿಗೆ ಇಲ್ಲಿ ಮರುಜೀವ ಬಂತು. ಸ್ವತಂತ್ರ ಭಾರತದ ಮೊದಲ ಭಾರೀ ಬಾಂಬರ್ ಪಡೆ ಕಟ್ಟಿದ್ದು ಹೀಗೆ, ಗುಜರಿಯಿಂದ.

ಬಯಲಿನಲ್ಲಿ ನಿಂತವರು

ಮ್ಯೂಸಿಯಂನ ಒಂದು ಹಾಲ್‌ನಲ್ಲಿ 1940ರಿಂದ ಇಂದಿನವರೆಗೆ ಒಂದೊಂದು ದಶಕದ ಫೋಟೊಗಳಿವೆ. ಇನ್ನೊಂದರಲ್ಲಿ ಇಂಜಿನ್ ಹೇಗೆ ಕೆಲಸ ಮಾಡುತ್ತದೆಂದು ತೋರಿಸುವ ಮಾದರಿಗಳು. ಪಂಪ್‌ಸೆಟ್ ಬಿಚ್ಚಿ ಗೊತ್ತಿರುವ ಹುಡುಗರನ್ನು ಇಲ್ಲಿಗೆ ಕರೆತನ್ನಿ, ಅವರನ್ನು ಹೊರಡಿಸುವುದೇ ಕಷ್ಟವಾಗುತ್ತದೆ.

ಹೊರಗಿನ ಬಯಲಿನಲ್ಲಿ ನಿಜವಾದ ವಿಮಾನಗಳು. ಎಚ್‌ಟಿ-2 ನಮ್ಮವರೇ ವಿನ್ಯಾಸ ಮಾಡಿದ ತರಬೇತಿ ವಿಮಾನ, ಎರಡು ಸೀಟಿನದು. ವಿನ್ಯಾಸ ಮಾಡಿದ ತಂಡದ ಮುಖ್ಯಸ್ಥರು ಡಾ. ವಿ. ಎಂ. ಘಾಟಗೆ. 1951ರ ಆಗಸ್ಟ್‌ನಲ್ಲಿ ಅದನ್ನು ಮೊದಲು ಹಾರಿಸಿದವರು ಅದೇ ಮುನ್ಶಿ. ಮುಂದೆ ಆಫ್ರಿಕಾದ ಘಾನಾ ದೇಶವೂ ತನ್ನ ಪೈಲಟ್‌ಗಳಿಗೆ ಈ ವಿಮಾನ ಕೊಂಡಿತು.

ಮರುತ್ ಯುದ್ಧ ವಿಮಾನ. ಜರ್ಮನಿಯ ಹೆಸರಾಂತ ವಿನ್ಯಾಸಕ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು, ನಮ್ಮ ಇಂಜಿನಿಯರುಗಳ ಜೊತೆ ಸೇರಿ ರೂಪಿಸಿದ್ದು. ಮೊದಲು ಅದೇ ಅಳತೆಯ ಮರದ ಗ್ಲೈಡರ್ ಮಾಡಿ, ಡಕೋಟಾ ವಿಮಾನದಿಂದ ಎಳೆಸಿ ಹಾರಿಸಿ ಪರೀಕ್ಷೆ ಮಾಡಿದರು. ಅಸಲಿ ವಿಮಾನವನ್ನು 1961ರ ಜೂನ್ 17ರಂದು ಸುರಂಜನ್ ದಾಸ್ ಹಾರಿಸಿದರು. ಒಟ್ಟು 147 ತಯಾರಾದವು. 1971ರ ಯುದ್ಧದಲ್ಲಿ ಮರುಭೂಮಿ ಗಡಿಯಲ್ಲಿ ಕೆಲಸ ಮಾಡಿದವು. ಆದರೆ ವಿನ್ಯಾಸಕ್ಕೆ ತಕ್ಕ ಇಂಜಿನ್ ಕೊನೆಗೂ ಸಿಗಲಿಲ್ಲ. ಒಳ್ಳೆ ಗಾಡಿಗೆ ಬಡಕಲು ಎತ್ತು ಕಟ್ಟಿದ ಹಾಗಾಯಿತು. 1970ರ ಜನವರಿಯಲ್ಲಿ ಸುರಂಜನ್ ದಾಸ್ ಮರುತ್ ಪರೀಕ್ಷಿಸುವಾಗಲೇ ಅಪಘಾತದಲ್ಲಿ ತೀರಿಕೊಂಡರು. ಬೆಂಗಳೂರಿನ ಸುರಂಜನ್ ದಾಸ್ ರಸ್ತೆ ಅವರದೇ ಹೆಸರಿನದು.

ಕಿರಣ್, ಅಜೀತ್, ಮಿಗ್-21, ಪೈಲಟ್ ಇಲ್ಲದ ಲಕ್ಷ್ಯ, ಪಿಎಸ್‌ಎಲ್‌ವಿ ರಾಕೆಟ್‌ನ ತಲೆಗವಸು, ಇವೂ ಇಲ್ಲಿವೆ. ಒಂದೊಂದಕ್ಕೂ ಒಂದು ಲೇಖನ ಬೇಕು. ನಾವು ಬಸಂತ್‌ಗೆ ಬರುತ್ತೇವೆ.

ಹೊಲದ ಮೇಲೆ ಹಾರಿದ್ದು

ಇದಕ್ಕೂ ಮೊದಲು ಈ ಕಾರ್ಖಾನೆ ‘ಕೃಷಕ್’ ಎಂಬ ವಿಮಾನ ಮಾಡಿತ್ತು. ಹೆಸರು ರೈತನದು, ಕೆಲಸ ಮಾತ್ರ ಸೇನೆಗೆ ಮೇಲಿನಿಂದ ಕಾವಲು ನೋಡುವುದು. ನಿಜವಾಗಿ ರೈತನಿಗೆಂದು ಬಂದದ್ದು ಬಸಂತ್. ಹಸಿರು ಕ್ರಾಂತಿಯ ಕಾಲ ಅದು. ಹೊಸ ತಳಿ, ಹೊಸ ಗೊಬ್ಬರ, ಹೊಸ ಔಷಧಿ. ಮೇಲಿನಿಂದಲೇ ಔಷಧಿ ಹೊಡೆದರೆ ಸಾವಿರಾರು ಎಕರೆ ಬೇಗ ಮುಗಿಯುತ್ತದೆ ಎಂಬ ಲೆಕ್ಕ.

1972ರ ಮಾರ್ಚ್ 30ರಂದು ಬಸಂತ್ ಹಾರಿತು. ಒಂದೇ ಇಂಜಿನ್, ಒಬ್ಬನೇ ಪೈಲಟ್. ಬೆಳೆಯ ಮೇಲೆ ತೀರಾ ಕೆಳಗೆ ಹಾರಬೇಕಾದ್ದರಿಂದ ಮುಂದಿನದು ಚೆನ್ನಾಗಿ ಕಾಣುವಂತೆ ಪೈಲಟ್‌ನ ಸೀಟು ಎತ್ತರದಲ್ಲಿ. ಆದರೆ 1980ಕ್ಕೆ ತಯಾರಿಕೆ ನಿಂತಿತು. ಮಾಡಿದ್ದು 39 ಮಾತ್ರ.

ನಮ್ಮ ಹೊಲಗಳನ್ನು ನೋಡಿದವರಿಗೆ ಇದರ ತೊಡಕು ಅರ್ಥವಾಗುತ್ತದೆ. ಎರಡು ಎಕರೆ ರಾಗಿ, ಬದು ದಾಟಿದರೆ ಇನ್ನೊಬ್ಬರ ಹಿಪ್ಪುನೇರಳೆ, ಅದರಾಚೆ ಕೆರೆ. ವಿಮಾನಕ್ಕೆ ಬದು ಕಾಣುವುದಿಲ್ಲ. ಗಾಳಿ ಬೀಸಿದರೆ ರಾಗಿಗೆ ಹೊಡೆದ ಔಷಧಿ ಪಕ್ಕದ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂರುತ್ತದೆ. ಆ ಸೊಪ್ಪು ತಿಂದ ರೇಷ್ಮೆಹುಳು ಉಳಿಯುತ್ತದೆಯೇ?

ಮೇಲಿನಿಂದ ಔಷಧಿ ಹೊಡೆದರೆ ಏನಾಗಬಹುದು ಎಂಬುದನ್ನು ದಕ್ಷಿಣ ಕನ್ನಡದವರಿಗೆ ನಾವು ಹೇಳಬೇಕಿಲ್ಲ. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದ ಸುತ್ತಮುತ್ತ, ಗಡಿಯಾಚೆ ಕಾಸರಗೋಡಿನಲ್ಲಿ, ಗೇರು ತೋಟಗಳಿಗೆ ವರ್ಷಗಟ್ಟಲೆ ಎಂಡೋಸಲ್ಫಾನ್ ಸುರಿದರು. ಸುರಿದದ್ದು ಬಸಂತ್ ಅಲ್ಲ, ಹೆಲಿಕಾಪ್ಟರ್. ಆದರೆ ವಿಧಾನ ಅದೇ. ತೋಟದ ಪಕ್ಕದಲ್ಲಿ ಮನೆಗಳಿದ್ದವು, ಬಾವಿಗಳಿದ್ದವು. ಆ ಊರುಗಳಲ್ಲಿ ಎದ್ದು ನಿಲ್ಲಲಾಗದ, ಮಾತು ಬಾರದ ಮಕ್ಕಳನ್ನು ನೋಡಿಕೊಳ್ಳುತ್ತಿರುವ ತಾಯಂದಿರು ಇವತ್ತೂ ಇದ್ದಾರೆ. ಸಂತ್ರಸ್ತರಿಗೆ ಸರ್ಕಾರ ಮಾಸಾಶನ ಕೊಡುತ್ತಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ನಿಷೇಧಿಸಿತು.

ಇದನ್ನು ಹೇಳುವುದು ಬಸಂತ್ ಮಾಡಿದ ಕೈಗಳನ್ನು ದೂರಲಿಕ್ಕಲ್ಲ. ಗುಜರಿಯಿಂದ ಬಾಂಬರ್ ಎಬ್ಬಿಸಿದ ಕೈಗಳವು, ಅವುಗಳ ಬಗ್ಗೆ ನಮಗೆ ಹೆಮ್ಮೆಯಿದೆ. ಆದರೆ ವಿಮಾನ ಎಷ್ಟು ಚೆನ್ನಾಗಿ ಹಾರುತ್ತದೆ ಎನ್ನುವುದು ಒಂದು ಪ್ರಶ್ನೆ. ಅದರಿಂದ ಏನು ಬೀಳುತ್ತದೆ, ಯಾರ ಮೇಲೆ ಬೀಳುತ್ತದೆ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಇಂಜಿನಿಯರ್ ಉತ್ತರ ಕೊಡುತ್ತಾರೆ. ಎರಡನೆಯದನ್ನು ಕೆಳಗೆ ನಿಂತವರೇ ಕೇಳಬೇಕು.

ಈಗ ಊರೂರಿಗೆ ಡ್ರೋನ್ ಬರುತ್ತಿದೆ. ಸ್ವಸಹಾಯ ಸಂಘದ ಅಕ್ಕಂದಿರೂ ಹಾರಿಸಲು ಕಲಿಯುತ್ತಿದ್ದಾರೆ. ಅದು ಬಸಂತ್‌ಗಿಂತ ಚಿಕ್ಕದು, ಕೆಳಗೆ ಹಾರುತ್ತದೆ, ಬದು ನೋಡಿಕೊಂಡು ಹೊಡೆಯಬಹುದು. ಒಳ್ಳೆಯದೇ. ಆದರೆ ನಿಮ್ಮ ಪಕ್ಕದ ಹೊಲಕ್ಕೆ ಡ್ರೋನ್ ಬಂದ ದಿನ ಮೂರು ವಿಷಯ ಕೇಳಿ: ಯಾವ ಔಷಧಿ, ಗಾಳಿ ಯಾವ ಕಡೆ, ಬಾವಿ ಎಷ್ಟು ದೂರ.

ಬೆಂಗಳೂರಿಗೆ ಹೋದಾಗ ಮಕ್ಕಳನ್ನು ಕಟ್ಟಿಕೊಂಡು ಆ ಮ್ಯೂಸಿಯಂಗೂ ಒಮ್ಮೆ ಹೋಗಿ ಬನ್ನಿ. ಮಿಗ್ ಮುಂದೆ ಫೋಟೊ ತೆಗೆಸಿಕೊಳ್ಳಲಿ. ಆಮೇಲೆ ಬಸಂತ್ ಹತ್ತಿರ ಕರೆದುಕೊಂಡು ಹೋಗಿ, ಇದು ನಮಗೆಂದು ಮಾಡಿದ್ದು ಎಂದು ಹೇಳಿ. ಏಕೆ ನಿಂತುಹೋಯಿತು ಎಂದು ಅವರು ಕೇಳಿದರೆ, ನಮ್ಮ ಹೊಲ ಎಷ್ಟು ಅಗಲ ಇದೆ ನೆನಪಿಸಿಕೋ ಎನ್ನಿ.